ಸೀರಿಯಸ್ ಅಂದರೆ ಎಷ್ಟು ಸೀರಿಯಸ್, ಡಾಕ್ಟ್ರೇ?

ಓದುಗರ ಪ್ರಶ್ನೆಗಳಿಗೆ ಕುಮಟೆಯ ನಿವೃತ್ತ ವೈದ್ಯರೊಬ್ಬರ ಉತ್ತರ

ಹೋದ ಸಂಚಿಕೆಯಲ್ಲಿ ಡಿಸ್ಚಾರ್ಜ್ ಸಮರಿ ಓದುವುದರ ಬಗ್ಗೆ ಒಂದು ಪ್ಯಾರಾ ಬರೆದದ್ದೇ ತಡ, ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲಿನಿಂದಲೂ ಒಂದೇ ಜಾತಿಯ ಪತ್ರಗಳು ಬಂದಿವೆ. ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವೆಯ ಬಾಂಬೋಳಿ. ಬರುವಾಗ ಜವಳಿ ಅಂಗಡಿಯ ಕೈಚೀಲದಲ್ಲಿ ಫೈಲು, ಫೈಲಿನ ತುಂಬ ಇಂಗ್ಲಿಷು. ಮಕ್ಕಳು ಪರದೇಶದಲ್ಲಿದ್ದರೆ ಅಲ್ಲಿಂದ ಬರುವ ಸುದ್ದಿಯೂ ಅದೇ ಭಾಷೆಯಲ್ಲಿ. ಸಿಕ್ಕ ಜಾಗದಲ್ಲಿ ಹಿಡಿದಷ್ಟು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಅಳಿಯನಿಗೆ ಟೆಕ್ಸಾಸಿನಲ್ಲಿ ಕಾರು ಅಪಘಾತ ಆಯಿತು. ಮೊದಲು ‘ಕ್ರಿಟಿಕಲ್’ ಅಂದರು. ಅವನ ಆಫೀಸಿನವರ ಸಂದೇಶದಲ್ಲಿ ‘ಕ್ರಿಟಿಕಲ್ ಬಟ್ ಸ್ಟೇಬಲ್’ ಅಂತ ಇತ್ತು. ಎರಡು ದಿನ ಬಿಟ್ಟು ‘ಸೀರಿಯಸ್’ ಅಂದರು. ಆ ಶಬ್ದ ಕೇಳಿದ್ದೇ ನನ್ನ ಹೆಂಡತಿ ಕುಸಿದು ಕೂತಳು. ಮಗಳು ನೋಡಿದರೆ ‘ಅಪ್ಪಾ, ಇದು ಒಳ್ಳೆ ಸುದ್ದಿ’ ಅನ್ನುತ್ತಾಳೆ. ಯಾವುದನ್ನು ನಂಬಲಿ? (ಒಬ್ಬ ತಂದೆ, ಗೋಕರ್ಣ)

ಉತ್ತರ: ಮಗಳನ್ನು ನಂಬಿ. ನಿಮ್ಮ ಮನೆಯವರು ಕುಸಿದದ್ದರಲ್ಲೂ ಆಶ್ಚರ್ಯವಿಲ್ಲ. ನಮ್ಮ ವಯಸ್ಸಿನವರ ಕಿವಿಯಲ್ಲಿ ಇನ್ನೂ ಇರುವುದು ತಾರಿನ ಇಂಗ್ಲಿಷು. ‘ಫಾದರ್ ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯಟ್ಲಿ’ ಎಂಬ ತಾರು ಬಂದರೆ ಅಪ್ಪ ಹೋದರು ಎಂದೇ ಅರ್ಥ. ಪೋಸ್ಟ್‌ಮ್ಯಾನ್ ಮುಖ ನೋಡಿದರೆ ಸಾಕಿತ್ತು, ಓದುವ ಮೊದಲೇ ಅಳು ಶುರುವಾಗುತ್ತಿತ್ತು. 2013ರ ಜುಲೈಯಲ್ಲಿ ತಾರು ನಿಂತುಹೋಯಿತು, ಆ ಶಬ್ದದ ಭಾರ ಮಾತ್ರ ನಮ್ಮಲ್ಲಿ ಉಳಿದುಕೊಂಡಿತು.

ಅಮೆರಿಕದ ಆಸ್ಪತ್ರೆಯಲ್ಲಿ ಅದಕ್ಕೆ ಬೇರೆ ಲೆಕ್ಕ. ಅಲ್ಲಿಯ ಹಾಸ್ಪಿಟಲ್ ಅಸೋಸಿಯೇಷನ್ ಪತ್ರಿಕೆಯವರಿಗೆ ಹೇಳಲಿಕ್ಕೆಂದು ಕೆಲವು ಮೆಟ್ಟಿಲು ಸೂಚಿಸಿದೆ: ಗುಡ್, ಫೇರ್, ಸೀರಿಯಸ್, ಕ್ರಿಟಿಕಲ್. ನಾಡಿ, ರಕ್ತದೊತ್ತಡ, ಉಸಿರು ಹತೋಟಿ ತಪ್ಪಿ, ಲಕ್ಷಣಗಳು ಚೆನ್ನಾಗಿಲ್ಲ ಅಂದರೆ ಕ್ರಿಟಿಕಲ್. ಕಾಯಿಲೆ ಜೋರಾಗಿಯೇ ಇದೆ, ಯಾವ ಕಡೆ ಹೋಗುತ್ತದೆ ಹೇಳಲಾಗದು ಅಂದರೆ ಸೀರಿಯಸ್. ಹಾಗಾಗಿ ನಿಮ್ಮ ಅಳಿಯ ಒಂದು ಮೆಟ್ಟಿಲು ಮೇಲೆ ಬಂದಿದ್ದಾನೆ. ‘ಸ್ಟೇಬಲ್’ ಎಂಬುದನ್ನು ಸ್ಥಿತಿಯ ಹೆಸರಾಗಿ ಬಳಸಬೇಡಿ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಹತೋಟಿ ತಪ್ಪಿದ್ದಕ್ಕೇ ಕ್ರಿಟಿಕಲ್ ಅನ್ನುವುದು, ಅದು ಮತ್ತೆ ಸ್ಟೇಬಲ್ ಹೇಗೆ? ಆದರೂ ಎಲ್ಲರೂ ಹೇಳುತ್ತಾರೆ. ನಿನ್ನೆ ಎಷ್ಟು ಕೆಟ್ಟದಾಗಿತ್ತೋ ಇವತ್ತೂ ಅಷ್ಟೇ, ಇನ್ನಷ್ಟು ಕೆಟ್ಟಿಲ್ಲ ಎಂದು ಅದರ ಅರ್ಥ.

ಮಗಳಿಗೆ ಫೋನ್ ಮಾಡಿದಾಗ ಶಬ್ದ ಬಿಟ್ಟು ಎರಡು ಅಂಕಿ ಕೇಳಿ. ಹಾಸಿಗೆಯ ಪಕ್ಕದ ಕಂಬಕ್ಕೆ ಸಿರಿಂಜ್ ಪಂಪು ಕಟ್ಟಿರುತ್ತಾರೆ, ಕೆಂಪು ಅಥವಾ ಹಸಿರು ಅಂಕಿ ಉರಿಯುತ್ತಿರುತ್ತದೆ. ಅದರಲ್ಲಿ ಬಿ.ಪಿ. ಎತ್ತಿ ಹಿಡಿಯುವ ನಾರ್‌ಅಡ್ರಿನಲಿನ್ ಇದ್ದರೆ ಅದು ಗಂಟೆಗೆ ಎಷ್ಟು ಹೋಗುತ್ತಿದೆ, ನಿನ್ನೆಗಿಂತ ಕಡಿಮೆಯೋ ಹೆಚ್ಚೋ? ವೆಂಟಿಲೇಟರಿನಲ್ಲಿ ಆಮ್ಲಜನಕ ನೂರಕ್ಕೆ ಎಷ್ಟು? ತೊಂಬತ್ತರಿಂದ ನಲವತ್ತಕ್ಕೆ ಇಳಿದಿದ್ದರೆ ನಿಮ್ಮ ಮನೆಯವರಿಗೆ ಊಟ ಮಾಡಲು ಹೇಳಬಹುದು.

ಪ್ರಶ್ನೆ: ಲಂಡನ್ನಿನಲ್ಲಿದ್ದ ದೊಡ್ಡಮ್ಮ ಆಸ್ಪತ್ರೆ ಸೇರಿದರು. ನರ್ಸು ‘ವೆರಿ ಪೂರ್ಲಿ’ ಅಂದಳು ಅಂತ ಅಲ್ಲಿಂದ ಫೋನು. ಸ್ವಲ್ಪ ಆರಾಮಿಲ್ಲ, ಅಷ್ಟೇ ಅಂದುಕೊಂಡೆವು. ಆಮೇಲೆ ‘ಈಗ ಕಂಫರ್ಟಬಲ್ ಆಗಿದ್ದಾರೆ’ ಅಂದರು. ಖುಷಿಯಾಗಿ ಗಣಪತಿಗೆ ಪಂಚಕಜ್ಜಾಯ ಮಾಡಿಸಿದೆವು. ಮರುದಿನ ದೊಡ್ಡಮ್ಮ ತೀರಿಕೊಂಡರು. ನಮಗೆ ಯಾಕೆ ಸುಳ್ಳು ಹೇಳಿದರು? (ಅಂಕೋಲಾ)

ಉತ್ತರ: ತಂಗೀ, ಸುಳ್ಳು ಹೇಳಲಿಲ್ಲ. ಅವರು ಅವರ ಪದ್ಧತಿಯಲ್ಲಿ ಹೇಳಿದರು, ನಿಮಗೆ ಅದು ತಲುಪಲಿಲ್ಲ. ಇಂಗ್ಲೆಂಡಿನ ಮನೆಮಾತಿನಲ್ಲಿ ‘ಪೂರ್ಲಿ’ ಅಂದರೆ ನೆಗಡಿ ಬಂದ ಮಗುವೂ ಪೂರ್ಲಿಯೇ. ಅದೇ ಮಾತು ವಾರ್ಡಿನ ನರ್ಸಬಾಯಿಯ ಬಾಯಲ್ಲಿ, ಮುಂದೆ ಒಂದು ‘ವೆರಿ’ ಸೇರಿಸಿಕೊಂಡು ಬಂದರೆ, ಉಳಿಯುವುದು ಕಷ್ಟ ಎಂದು ತಿಳಿಯಬೇಕು. ದನಿ ಏರಿಸದೆ ಹೇಳುವ ಜನ ಅವರು. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಯಾರೋ ಒಬ್ಬರು ಗಂಗೆ ಬಿಡಲು ತಂಬಿಗೆ ಹುಡುಕುತ್ತಿದ್ದರು.

‘ಕಂಫರ್ಟಬಲ್’ ಇನ್ನೂ ಒಂದು ಹೆಜ್ಜೆ ಮುಂದಿನದು. ಗುಣ ಮಾಡುವ ಪ್ರಯತ್ನ ನಿಲ್ಲಿಸಿದ್ದೇವೆ, ನೋವು, ಉಬ್ಬಸ ಆಗದಂತೆ ನೋಡಿಕೊಳ್ಳುತ್ತಿದ್ದೇವೆ ಎಂದು ಹಲವು ಸಲ ಅದರ ಇಂಗಿತ. 2022ರ ಸೆಪ್ಟೆಂಬರ್ 8ರಂದು ಅರಮನೆಯವರು ಪ್ರಕಟಣೆ ಕೊಟ್ಟರು: ವೈದ್ಯರಿಗೆ ರಾಣಿಯ ಆರೋಗ್ಯದ ಬಗ್ಗೆ ಕಳವಳವಿದೆ, ರಾಣಿ ಬಾಲ್ಮೋರಲ್‌ನಲ್ಲಿ ‘ಕಂಫರ್ಟಬಲ್’ ಆಗಿದ್ದಾರೆ. ಎರಡನೇ ಎಲಿಜಬೆತ್ ಅದೇ ದಿನ ಮಧ್ಯಾಹ್ನ 3.10ಕ್ಕೆ ತೀರಿಕೊಂಡರೆಂದು ಮರಣ ದಾಖಲೆಯಲ್ಲಿದೆ. ಅವರ ಅಜ್ಜ ಐದನೇ ಜಾರ್ಜ್ ಹೋದದ್ದು 1936ರ ಜನವರಿ 20ರ ರಾತ್ರಿ. ಆಗ ವೈದ್ಯ ಲಾರ್ಡ್ ಡಾಸನ್ ಹೊರಡಿಸಿದ ಒಂದೇ ಸಾಲಿನ ಪ್ರಕಟಣೆ, ದೊರೆಯ ಜೀವ ಶಾಂತವಾಗಿ ಕೊನೆಯ ಕಡೆಗೆ ಸಾಗುತ್ತಿದೆ ಎಂದಿತ್ತು. ಎಷ್ಟು ಚಂದದ ವಾಕ್ಯ! ಐವತ್ತು ವರ್ಷ ಕಳೆದು, 1986ರಲ್ಲಿ, ಡಾಸನ್ನರ ಟಿಪ್ಪಣಿ ಹೊರಬಿತ್ತು: ಅಂದು ರಾತ್ರಿ ಅವರೇ ದೊರೆಗೆ ಮಾರ್ಫಿನ್ ಮತ್ತು ಕೊಕೇನ್ ಚುಚ್ಚಿದ್ದರು. ಸಾವಿನ ಸುದ್ದಿ ಸಂಜೆಯ ಪತ್ರಿಕೆಗಳ ಪಾಲಾಗದೆ ಬೆಳಗಿನ ಘನ ಪತ್ರಿಕೆಗಳಲ್ಲಿ ಬರಲಿ ಎಂಬುದೂ ಒಂದು ಕಾರಣವಂತೆ. ಚಂದದ ವಾಕ್ಯ ಕಂಡಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಇನ್ನು ಮುಂದೆ ಯಾರಿಗಾದರೂ ಹೀಗೆ ಫೋನು ಬಂದರೆ, ಹೇಗಿದ್ದಾರೆ ಎಂದು ಕೇಳಬೇಡಿ. ‘ಈಗಲೇ ಹೊರಟು ಬರಬೇಕೇ?’ ಎಂದು ಕೇಳಿ. ಈ ಪ್ರಶ್ನೆಗೆ ಸುತ್ತು ಬಳಸಿ ಉತ್ತರ ಕೊಡುವುದು ಯಾವ ದೇಶದವರಿಗೂ ಕಷ್ಟ.

ಪ್ರಶ್ನೆ: ಅಪ್ಪಯ್ಯನಿಗೆ 74. ಜಠರದಲ್ಲಿ ಗಡ್ಡೆ. ಫೈಲಿನಲ್ಲಿ ‘ಕಾರ್ಸಿನೋಮಾ ಸ್ಟಮಕ್ ವಿತ್ ಲಿವರ್ ಮೆಟ್ಸ್’, ‘ಪ್ಯಾಲಿಯೇಟಿವ್ ಕೀಮೋಥೆರಪಿ’, ಕೆಳಗೆ ‘ಪ್ರೋಗ್ನೋಸಿಸ್ ಗಾರ್ಡೆಡ್, ಎಕ್ಸ್‌ಪ್ಲೇನ್ಡ್ ಟು ಅಟೆಂಡರ್ಸ್’ ಎಂದಿದೆ. ಡಾಕ್ಟರು ಅಪ್ಪಯ್ಯನ ಎದುರೇ ‘ಮೈಟೋಟಿಕ್ ಲೀಶನ್’ ಅಂದರು. ನಾವು ಅಣ್ಣ ತಮ್ಮ ಸೇರಿ ಹೊಟ್ಟೆಯಲ್ಲಿ ಹುಣ್ಣು ಅಂತ ಹೇಳಿದ್ದೇವೆ. ಆದರೆ ಅವರು ದಿನಾ ರಾತ್ರಿ ‘ಯಂಗೆ ಎಂತ ಆಜು?’ (ನನಗೆ ಏನಾಗಿದೆ?) ಅಂತ ಕೇಳುತ್ತಾರೆ. ಅಣ್ಣ ಹೇಳಲೇಬಾರದು ಅನ್ನುತ್ತಾನೆ. (ಶಿರಸಿ ತಾಲೂಕು)

ಉತ್ತರ: ಮೊದಲು ಫೈಲು. ಕಾರ್ಸಿನೋಮಾ ಅಂದರೆ ಕ್ಯಾನ್ಸರ್. ಲಿವರ್ ಮೆಟ್ಸ್ ಅಂದರೆ ಅದು ಯಕೃತ್ತಿಗೆ ಹರಡಿದೆ. ‘ಮೈಟೋಟಿಕ್’ ಎಂಬುದು ರೋಗಿಯ ಎದುರು ಕ್ಯಾನ್ಸರ್ ಶಬ್ದ ಆಡದಿರಲು ನಮ್ಮ ದೇಶದ ವೈದ್ಯರು ಮಾಡಿಕೊಂಡ ಗುಟ್ಟಿನ ಮಾತು. ಒಬ್ಬ ಡಾಕ್ಟರಿಂದ ಇನ್ನೊಬ್ಬ ಡಾಕ್ಟರಿಗೆ, ರೋಗಿಯ ತಲೆಯ ಮೇಲಿನಿಂದ ದಾಟಿಸುವ ಮಾತು. ನಿಮ್ಮ ಅಪ್ಪಯ್ಯ ಇಂಥದ್ದನ್ನೆಲ್ಲ ಕೇಳಿಸಿಕೊಂಡೇ ಎಂತ ಆಜು ಅಂತ ಕೇಳುತ್ತಿರುವುದು.

‘ಪ್ರೋಗ್ನೋಸಿಸ್’ ಅಂದರೆ ಕಾಯಿಲೆ ಮುಂದೆ ಹೇಗೆ ಹೋದೀತು ಎಂಬ ಅಂದಾಜು. ಅದು ‘ಗಾರ್ಡೆಡ್’ ಎಂದರೆ ಒಳ್ಳೆಯದಾಗುತ್ತದೆಂದು ಭರವಸೆ ಕೊಡಲಾರೆವು ಎಂದು. ‘ಎಕ್ಸ್‌ಪ್ಲೇನ್ಡ್ ಟು ಅಟೆಂಡರ್ಸ್’ ಎಂಬುದನ್ನು ನಿಮಗಾಗಿ ಬರೆದದ್ದಲ್ಲ. ನಾಳೆ ತಕರಾರು ಬಂದರೆ, ಮನೆಯವರಿಗೆ ಹೇಳಿದ್ದೆವು ಎಂದು ತೋರಿಸಲು ಬರೆದ ಸಾಲು ಅದು. ಹೇಳಿದ್ದು ಎಷ್ಟು ನಿಮಿಷ, ಎಲ್ಲಿ ನಿಂತು, ನಿಮಗೆ ಎಷ್ಟು ಅರ್ಥವಾಯಿತು ಎಂಬುದು ಯಾವ ಫೈಲಿನಲ್ಲೂ ಇರುವುದಿಲ್ಲ. ಹಾಗಾಗಿ ಇನ್ನೊಮ್ಮೆ ಹೋಗಿ ಕೂತು ಕೇಳಿ. ಅದಕ್ಕೆ ನಿಮಗೆ ಪೂರಾ ಹಕ್ಕಿದೆ.

‘ಪ್ಯಾಲಿಯೇಟಿವ್’ ನೋಡಿ ಕೈಬಿಟ್ಟರು ಅಂದುಕೊಂಡಿದ್ದರೆ, ಹಾಗಲ್ಲ. ಇದಕ್ಕೆ ನಮ್ಮ ವೈದ್ಯಶಾಸ್ತ್ರದಲ್ಲೇ ಜಾಗವಿದೆ. ಚರಕರು ರೋಗಗಳನ್ನು ಸಾಧ್ಯ, ಅಸಾಧ್ಯ ಎಂದು ವಿಂಗಡಿಸಿ ಅಲ್ಲಿಗೇ ಬಿಡಲಿಲ್ಲ. ಅಸಾಧ್ಯದಲ್ಲಿ ಮತ್ತೆ ಎರಡು: ಯಾಪ್ಯ, ಪ್ರತ್ಯಾಖ್ಯೇಯ. ಬೇರು ಸಮೇತ ಹೋಗದು, ಆದರೆ ಔಷಧಿ ಇರುವಷ್ಟು ದಿನ ಹದ್ದುಬಸ್ತಿನಲ್ಲಿರುತ್ತದೆ ಅಂದರೆ ಯಾಪ್ಯ. ಔಷಧಿಗೆ ಬಗ್ಗದೆ ಕೈಬಿಡಬೇಕಾದದ್ದು ಪ್ರತ್ಯಾಖ್ಯೇಯ. ಯಾಪ್ಯಕ್ಕೆ ಕೊಡುವ ಚಿಕಿತ್ಸೆ, ಬೀಳಲಿರುವ ಮನೆಗೆ ಸರಿಯಾಗಿ ಕೊಟ್ಟ ಆಸರೆಗಂಬದ ಹಾಗೆ ಎಂದು ಸುಶ್ರುತರು ಹೇಳುತ್ತಾರೆ. ನಿಮ್ಮ ಅಪ್ಪಯ್ಯನಿಗೆ ಕೊಡುತ್ತಿರುವ ಕೀಮೋ ಆ ಕಂಬ. ಇದರ ಜೊತೆಗೆ ಪ್ಯಾಲಿಯೇಟಿವ್ ಕೇರ್ ಎಂಬ ಬೇರೆಯೇ ವಿಭಾಗವಿದೆ. ನೋವು, ವಾಂತಿ, ನಿದ್ದೆ, ಹೆದರಿಕೆ ಎಲ್ಲವನ್ನೂ ಅವರು ನೋಡುತ್ತಾರೆ. ಕೊನೆಗಾಲದಲ್ಲಿ ಅಲ್ಲ, ಈಗಲೇ ಅವರನ್ನು ಕಾಣಬೇಕು. ಬಾಸ್ಟನ್ನಿನಲ್ಲಿ ಹರಡಿದ ಶ್ವಾಸಕೋಶ ಕ್ಯಾನ್ಸರಿನ 151 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು, ಫಲಿತಾಂಶ 2010ರಲ್ಲಿ ಬಂತು. ಮೊದಲಿನಿಂದಲೇ ಈ ಆರೈಕೆ ಸಿಕ್ಕವರ ಮಧ್ಯಮ ಆಯುಷ್ಯ (ಮೀಡಿಯನ್, ಅಂದರೆ ಅರ್ಧ ಜನ ದಾಟಿದ ಕಾಲ) 11.6 ತಿಂಗಳು, ಸಿಗದವರದ್ದು 8.9. ಸಿಕ್ಕವರಿಗೆ ಕೊನೆಯಲ್ಲಿ ಜೋರು ಚಿಕಿತ್ಸೆಯ ಹಿಂಸೆಯೂ ಕಡಿಮೆ ಇತ್ತು.

ಇನ್ನು ಹೇಳುವ ವಿಚಾರ. ಇಂಗ್ಲಿಷಿನವರು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ, ನಮ್ಮಲ್ಲಿ ಹಾಗೆ ನಡೆಯದು ಎಂದು ನಿಮ್ಮ ಅಣ್ಣ ವಾದ ಮಾಡಬಹುದು. ಅವರೂ ಮೊನ್ನೆ ಮೊನ್ನೆಯವರೆಗೆ ನಮ್ಮ ಹಾಗೇ ಇದ್ದರು. ಆರನೇ ಜಾರ್ಜ್ ದೊರೆಯ ಒಂದು ಶ್ವಾಸಕೋಶವನ್ನೇ 1951ರಲ್ಲಿ ತೆಗೆದರು. ಪ್ರಜೆಗಳಿಗೆ ಹೇಳಿದ್ದು ಶ್ವಾಸಕೋಶದಲ್ಲಿ ‘ಸ್ಟ್ರಕ್ಚರಲ್ ಚೇಂಜಸ್’ ಎಂದು. ಕ್ಯಾನ್ಸರ್ ಎಂದು ದೊರೆಗೂ ಹೇಳಲಿಲ್ಲ. 1961ರಲ್ಲಿ ಶಿಕಾಗೋದ ಒಂದು ಆಸ್ಪತ್ರೆಯ ವೈದ್ಯರನ್ನು ಕೇಳಿದಾಗ ನೂರಕ್ಕೆ ತೊಂಬತ್ತು ಜನ, ಕ್ಯಾನ್ಸರ್ ರೋಗಿಗೆ ಹೇಳದಿರುವುದೇ ನಮ್ಮ ರೂಢಿ ಅಂದರು. 1979ರಲ್ಲಿ ಅಂಥದ್ದೇ ಪ್ರಶ್ನೆ ಇಟ್ಟು ಮತ್ತೆ ಕೇಳಿದಾಗ ನೂರಕ್ಕೆ ತೊಂಬತ್ತೇಳು ಜನ ಹೇಳುತ್ತೇವೆ ಅಂದರು. ಹದಿನೆಂಟು ವರ್ಷದಲ್ಲಿ ತಿರುವುಮುರುವು.

ನನ್ನ ಅಭಿಪ್ರಾಯ ಕೇಳಿದರೆ: ಕೇಳದವರಿಗೆ ಹಟ ಮಾಡಿ ಹೇಳಬಾರದು, ಕೇಳಿದವರಿಗೆ ಮುಚ್ಚಬಾರದು. ನಿಮ್ಮ ಅಪ್ಪಯ್ಯ ಕೇಳುತ್ತಿದ್ದಾರೆ. ರಾತ್ರಿ ಊಟವಾಗಿ, ಕವಳದ ತಟ್ಟೆ ಮುಂದಿಟ್ಟುಕೊಂಡು ಕೂತಾಗ, ನೀವು ಒಬ್ಬರೇ ಹತ್ತಿರ ಕೂತು, ‘ನಿಮಗೆ ಎಷ್ಟು ತಿಳಿಯಬೇಕು?’ ಎಂದು ಮನೆಮಾತಿನಲ್ಲೇ ಕೇಳಿ. ಎಲ್ಲಾ ಹೇಳು ಅಂದರೆ ಗಡ್ಡೆ ಇದೆ, ಹರಡಿದೆ, ಔಷಧಿ ನಡೆಯುತ್ತಿದೆ ಎಂದು ಹೇಳಿ. ಸಾಕು ಅಂದಲ್ಲಿ ನಿಲ್ಲಿಸಿ. ಹುಣ್ಣು ಅಂತ ಹೇಳಿ ಕೀಮೋಗೆ ಕರೆದುಕೊಂಡು ಹೋದರೆ ಮೂರನೇ ಸಲಕ್ಕೆ ಕೂದಲು ಉದುರಿದಾಗ ಏನು ಹೇಳುತ್ತೀರಿ? ಅವರಿಗೂ ತೋಟದ ಹಿಸ್ಸೆ, ಸೊಸೈಟಿಯ ಸಾಲ, ಮಾತು ಬಿಟ್ಟ ತಂಗಿ, ಏನೇನು ಬಾಕಿ ಇದೆಯೋ. ಅದನ್ನೆಲ್ಲ ಅವರೇ ಮುಗಿಸಬೇಕಲ್ಲ.

ಪ್ರಶ್ನೆ: ಯಜಮಾನರ ಕಾಯಿಲೆಗೆ ‘ಮೀಡಿಯನ್ ಸರ್ವೈವಲ್ ಲೆವೆನ್ ಮಂತ್ಸ್’ ಎಂದು ಓದಿದಾಗಿನಿಂದ ಅವರು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಾರೆ. ಡಾಕ್ಟರ ಬಾಯಿಂದ ಒಂದು ತಾರೀಖು ಬಂದರೆ ಮನಸ್ಸಿಗೆ ಸಮಾಧಾನ ಅನ್ನುತ್ತಾರೆ. (ಕಾರವಾರ)

ಉತ್ತರ: ಹನ್ನೊಂದು ತಿಂಗಳಿಗೆ ಎಲ್ಲರೂ ಹೋಗುತ್ತಾರೆ ಎಂದು ಅದರ ಅರ್ಥ ಅಲ್ಲವೇ ಅಲ್ಲ. ಇದೇ ಕಾಯಿಲೆಯ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ, ಐವತ್ತನೆಯವರು ಹೋಗುವುದು ಆ ಹೊತ್ತಿಗೆ. ಉಳಿದ ಐವತ್ತು ಜನ ಆಮೇಲೂ ಇರುತ್ತಾರೆ, ಅವರಲ್ಲಿ ಕೆಲವರು ಬಹಳ ಕಾಲ. ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಒಳಪದರದ ಅಪರೂಪದ ಕ್ಯಾನ್ಸರ್ ಕಂಡಿತು. ಗ್ರಂಥಾಲಯಕ್ಕೆ ಹೋಗಿ ಓದಿದರೆ ಮೀಡಿಯನ್ ಎಂಟು ತಿಂಗಳು ಎಂದಿತ್ತು. ಅಂಕಿಅಂಶ ಬಲ್ಲ ಮನುಷ್ಯ, ಹೆದರಿ ಕೂರದೆ ಆ ಸಾಲಿನ ಬಾಲ ಎಷ್ಟು ಉದ್ದ ಇದೆ, ಅದರಲ್ಲಿ ತಾನು ಸೇರುವುದಕ್ಕೆ ಕಾರಣಗಳಿವೆಯೇ ಎಂದು ನೋಡಿದರು. ಬದುಕಿದ್ದು 2002ರವರೆಗೆ. ಎಲ್ಲರಿಗೂ ಹಾಗೆ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ, ಆಗದವರೇ ಹೆಚ್ಚು.

ತಾರೀಖಿನ ಮಾತಂತೂ ಬಿಡಿ. ಕೊನೆಗಾಲದ ಆರೈಕೆಗೆ ಬಂದ 468 ರೋಗಿಗಳ ಆಯುಷ್ಯವನ್ನು ಅಮೆರಿಕದ ವೈದ್ಯರಿಂದ ಹೇಳಿಸಿ ಲೆಕ್ಕ ಹಾಕಿದ ಅಧ್ಯಯನ 2000ದಲ್ಲಿ ಬಂತು. ಸರಿಸುಮಾರು ಹೊಂದಿದ್ದು ನೂರಕ್ಕೆ ಇಪ್ಪತ್ತು. ಅರವತ್ತಮೂರರಲ್ಲಿ ವೈದ್ಯರು ಹೆಚ್ಚೇ ಹೇಳಿದ್ದರು. ರೋಗಿಯನ್ನು ಹೆಚ್ಚು ಕಾಲದಿಂದ ಬಲ್ಲವರು ಹೆಚ್ಚು ತಪ್ಪಿದರು, ಪ್ರೀತಿ ಅಡ್ಡ ಬಂತೋ ಏನೋ. ಹಾಗಾಗಿ ತಾರೀಖು ಬೇಡ, ವಾರಗಳ ಮಾತೋ, ತಿಂಗಳುಗಳ ಮಾತೋ, ವರ್ಷಗಳ ಮಾತೋ ಎಂದು ಕೇಳಿ. ಅಷ್ಟನ್ನು ಹೇಳಲು ಬಹಳಷ್ಟು ವೈದ್ಯರಿಗೆ ಬಾಯಿ ಬರುತ್ತದೆ. ಕ್ಯಾಲೆಂಡರಿನಲ್ಲಿ ಮುಂದಿನ ಸ್ಕ್ಯಾನಿನ ದಿನ ಗುರುತು ಹಾಕಿದರೆ ಅಡ್ಡಿಯಿಲ್ಲ.

ಪ್ರಶ್ನೆ: ಮಗನಿಗೆ ಮಂಗನ ಕಾಯಿಲೆ ‘ಪಾಸಿಟಿವ್’. ಮೊಬೈಲಿನಲ್ಲಿ ನೋಡಿದರೆ ‘ಪೊಟೆನ್ಷಿಯಲಿ ಫೇಟಲ್’ ಎಂದಿದೆ. ಕೈಕಾಲು ಆಡುತ್ತಿಲ್ಲ. (ಸಿದ್ದಾಪುರ)

ಉತ್ತರ: ‘ಪ್ರಾಣ ತೆಗೆಯಲೂಬಹುದು’ ಎಂಬ ಆ ಎರಡು ಶಬ್ದಕ್ಕೆ ಅಳತೆಯೇ ಇಲ್ಲ. ಶೇಂಗಾ ಒಗ್ಗದವರಿಗೆ ಶೇಂಗಾವೂ ಪೊಟೆನ್ಷಿಯಲಿ ಫೇಟಲ್. ಮಂಗನ ಕಾಯಿಲೆಯಲ್ಲಿ ಸಾಯುವವರು ನೂರಕ್ಕೆ ಮೂರರಿಂದ ಐದು, ಅಂದರೆ ಕಡಿಮೆಯೆಂದರೂ ತೊಂಬತ್ತೈದು ಜನ ಎದ್ದು ಬರುತ್ತಾರೆ. ಹಾಗಂತ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ಜಾತಿಯ ಮಾತ್ರೆ ಕೊಡಬೇಡಿ, ರಕ್ತಸ್ರಾವದ ಭಯವಿದೆ. ಒಸಡು, ಮೂಗು, ಮಲದಲ್ಲಿ ರಕ್ತ ಕಂಡರೆ ತಡಮಾಡಬೇಡಿ. ಜ್ವರ ಬಿಟ್ಟಿತು ಎಂದು ಕೆಲವರು ತೋಟಕ್ಕೆ ಇಳಿಯುತ್ತಾರೆ. ಮೂರನೇ ವಾರದ ಹೊತ್ತಿಗೆ ಕೆಲವರಿಗೆ ಮತ್ತೆ ಜ್ವರ, ಜೋರು ತಲೆನೋವು, ಮಂಪರು ಬರುವುದುಂಟು. ಆ ವಾರ ದಾಟುವವರೆಗೆ ಕಣ್ಣಿಟ್ಟಿರಿ.

ಪ್ರಶ್ನೆ: ಫೈಲಿನಲ್ಲಿ ‘ಹಾರ್ಟ್ ಫೇಲ್ಯೂರ್’ ಎಂದಿದೆ. ಹಾರ್ಟ್ ಫೇಲ್ ಆದವರು ಎದುರಿಗೇ ಕೂತು ಚಹಾ ಕುಡಿಯುತ್ತಿದ್ದಾರೆ! (ದಾಂಡೇಲಿ)

ಉತ್ತರ: ಕುಡಿಯಲಿ, ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಸಕ್ಕರೆಯನ್ನೂ ಹಾಕಿ. ಹೃದಯ ನಿಂತಿಲ್ಲ, ಪಂಪು ಮಾಡುವ ಶಕ್ತಿ ಕುಗ್ಗಿದೆ. ಔಷಧಿಯಲ್ಲಿ ವರ್ಷಗಟ್ಟಲೆ ಇರುವವರಿದ್ದಾರೆ. ಬೆಳಿಗ್ಗೆ ಎದ್ದು ದಿನಾ ತೂಕ ನೋಡಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಒಳಗೆ ನೀರು ನಿಂತಿದೆ, ಡಾಕ್ಟರಿಗೆ ತೋರಿಸಿ. ಉಪ್ಪಿನಕಾಯಿ, ಒಣಮೀನು ಬಿಡಿಸಿ.

ಪ್ರಶ್ನೆ: ನನಗೆ ಸ್ತನದ ಆಪರೇಷನ್ ಆಗಿ ಕೀಮೋ ಮುಗಿಯಿತು. ಸಿಡ್ನಿಯಲ್ಲಿರುವ ಸಂಬಂಧಿಕರು ‘ಯೂ ಆರ್ ಎ ಫೈಟರ್’ ಎಂದು ಕಳಿಸುತ್ತಿರುತ್ತಾರೆ. ನಾನೇನು ಯುದ್ಧ ಮಾಡಲಿಲ್ಲ. ಬೆಳಗಿನ ಬಸ್ಸಿಗೆ ಹೋದೆ, ಸಲೈನ್ ಹಾಕಿಸಿಕೊಂಡೆ, ವಾಂತಿ ಮಾಡಿದೆ, ಬಂದೆ. ಇನ್ನೊಂದು: ಡಾಕ್ಟರು ‘ಗುಣವಾಯಿತು’ ಅನ್ನುವುದೇ ಇಲ್ಲ, ‘ಎನ್.ಇ.ಡಿ.’ ಎಂದು ಬರೆಯುತ್ತಾರೆ. (ಒಬ್ಬ ಅಕ್ಕೋರು, ಹೊನ್ನಾವರ)

ಉತ್ತರ: ಅಕ್ಕೋರೇ, ನಿಮ್ಮ ಪತ್ರ ಓದಿ ನಾನೊಬ್ಬನೇ ನಕ್ಕೆ. ಅಮೆರಿಕದಲ್ಲಿ ಅಧ್ಯಕ್ಷ ನಿಕ್ಸನ್ 1971ರ ಡಿಸೆಂಬರಿನಲ್ಲಿ ಕ್ಯಾನ್ಸರ್ ಕಾಯಿದೆಗೆ ಸಹಿ ಹಾಕಿದ ಮೇಲೆ ‘ಕ್ಯಾನ್ಸರ್ ವಿರುದ್ಧ ಸಮರ’ ಎಂಬುದು ಪತ್ರಿಕೆಗಳ ಬಾಯಿಪಾಠವಾಯಿತು. ಅದಕ್ಕೂ ಮುಂಚೆ ಇಂಗ್ಲಿಷ್ ಮರಣವಾರ್ತೆಗಳಲ್ಲಿ ‘ದೀರ್ಘಕಾಲದ ಅಸ್ವಾಸ್ಥ್ಯ’ ಎಂದು ಬರೆದರೆ ಅದು ಕ್ಯಾನ್ಸರ್ ಎಂದು ಓದುವವರಿಗೆ ತಿಳಿಯುತ್ತಿತ್ತು. ಮುಚ್ಚಿಟ್ಟದ್ದನ್ನು ಬಿಚ್ಚಿದ್ದು ಒಳ್ಳೆಯದೇ. ಆದರೆ ಹೋದವರೆಲ್ಲ ‘ಹೋರಾಡಿ ಸೋತರು’ ಎಂದಾದರೆ, ಸರಿಯಾಗಿ ಹೋರಾಡಲಿಲ್ಲ ಎಂಬ ಆರೋಪ ಸತ್ತವರ ತಲೆಗೆ ಬಂತು. ಔಷಧಿ ಸೋತರೂ ರೋಗಿಯೇ ಸೋತಂತೆ. ಈಗ ನಮ್ಮ ಕನ್ನಡ ಪತ್ರಿಕೆಗಳೂ ಇದನ್ನೇ ಬರೆಯುತ್ತವೆ. ಕೆಲವರಿಗೆ ಆ ಮಾತಿನಿಂದ ಧೈರ್ಯ ಬರುತ್ತದೆ, ಅವರ ತಕರಾರಿಗೆ ನಾನು ಹೋಗುವುದಿಲ್ಲ. ನಿಮಗೆ ಬೇಡವೆಂದರೆ, ಕೀಮೋ ದಿನ ನೀವು ತಿಂದದ್ದು, ತಿನ್ನಲಾಗದ್ದು ಎಲ್ಲ ಪಟ್ಟಿ ಮಾಡಿ ಸಿಡ್ನಿಗೆ ಕಳಿಸಿ.

ಎನ್.ಇ.ಡಿ. ಎಂದರೆ ಹುಡುಕಿದಷ್ಟರಲ್ಲಿ ಕಾಯಿಲೆಯ ಗುರುತು ಸಿಗಲಿಲ್ಲ. ಸ್ತನ ಕ್ಯಾನ್ಸರಿನ ಕೆಲವು ಬಗೆಗಳು ಐದು ವರ್ಷ ದಾಟಿದ ಮೇಲೂ ಮರುಕಳಿಸುವುದುಂಟು, ಅದಕ್ಕೇ ಡಾಕ್ಟರು ನಾಲಗೆ ಬಿಗಿ ಹಿಡಿದದ್ದು. ಜಿಪುಣತನ ಅಂತ ಬೇಜಾರು ಮಾಡಿಕೊಳ್ಳಬೇಡಿ, ನನಗಂತೂ ಇಡೀ ಫೈಲಿನಲ್ಲಿ ಅತ್ಯಂತ ಪ್ರಾಮಾಣಿಕವಾದ ಮೂರು ಅಕ್ಷರ ಅವು. ಮಾತ್ರೆ ಕೊಟ್ಟಿದ್ದರೆ ತಪ್ಪಿಸಬೇಡಿ, ವರ್ಷಕ್ಕೊಂದು ಮ್ಯಾಮೊಗ್ರಾಮ್.

ಪ್ರಶ್ನೆ: ಎದೆಯ ಫೋಟೋ ತೆಗೆದು ‘ಪಲ್ಮನರಿ ಕಾಕ್ಸ್’ ಎಂದು ಬರೆದಿದ್ದಾರೆ. ಇದು ಯಾವ ಹೊಸ ರೋಗ? (ಯಲ್ಲಾಪುರ)

ಉತ್ತರ: ಹಳೆಯದೇ, ಕ್ಷಯ. ಕ್ಷಯದ ರೋಗಾಣುವನ್ನು 1882ರಲ್ಲಿ ಲೋಕಕ್ಕೆ ತೋರಿಸಿದ ರಾಬರ್ಟ್ ಕಾಕ್ ಹೆಸರು ಅದು. ಅಕ್ಕಪಕ್ಕದವರಿಗೆ ತಿಳಿಯದಿರಲಿ ಎಂದು ನಮ್ಮ ವೈದ್ಯರು ಹಾಗೆ ಬರೆಯುತ್ತಾರೆ. ಮನೆಯವರಿಗೂ ತಿಳಿಯದೆ ಹೋಗುವುದೇ ಇದರ ಅಪಾಯ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ, ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ತೋರಿಸಿ.

ಪ್ರಶ್ನೆ: ಅಮ್ಮ ಐ.ಸಿ.ಯು.ನಲ್ಲಿದ್ದಾರೆ. ದುಬೈಯಲ್ಲಿರುವ ತಮ್ಮನಿಗೆ ರಜೆ ಸಿಗಬೇಕಾದರೆ ಆಸ್ಪತ್ರೆಯ ಪತ್ರ ಬೇಕಂತೆ. ಏನೆಂದು ಬರೆಸಬೇಕು? (ಭಟ್ಕಳ)

ಉತ್ತರ: ಗುಣವಿಶೇಷಣ ಕಡಿಮೆ, ವಿವರ ಹೆಚ್ಚು ಇರಲಿ. ಅಮ್ಮನ ಹೆಸರು ಪಾಸ್‌ಪೋರ್ಟಿನಲ್ಲಿ ತಮ್ಮನ ತಾಯಿಯ ಹೆಸರು ಹೇಗಿದೆಯೋ ಹಾಗೇ ಇರಬೇಕು, ಒಂದಕ್ಷರ ಬೇರೆಯಾದರೂ ಅಲ್ಲಿ ತಗಾದೆ. ಸೇರಿಸಿದ ತಾರೀಖು, ರೋಗದ ಹೆಸರು, ಐ.ಸಿ.ಯು.ನಲ್ಲಿ ಇರುವುದು, ವೆಂಟಿಲೇಟರ್ ಇದ್ದರೆ ಅದು. ಆಮೇಲೆ, ಪ್ರಾಣಾಪಾಯವಿದೆ, ಹತ್ತಿರದ ಸಂಬಂಧಿಕರು ಬರುವುದು ಸೂಕ್ತ ಎಂಬ ಒಂದು ಸಾಲು. ಲೆಟರ್‌ಹೆಡ್, ಸಹಿ, ಮೊಹರು, ಡಾಕ್ಟರ ನೋಂದಣಿ ಸಂಖ್ಯೆ, ವಾರ್ಡಿನ ಫೋನ್ ನಂಬರು. ಕೆಲವು ಕಂಪನಿಯವರು ಫೋನ್ ಮಾಡಿ ವಿಚಾರಿಸುತ್ತಾರೆ, ಹಾಗಾಗಿ ಡ್ಯೂಟಿ ಸಿಸ್ಟರಿಗೆ ಮೊದಲೇ ಹೇಳಿಡಿ. ಮೊಬೈಲಿನಲ್ಲಿ ಓರೆಯಾಗಿ ಹಿಡಿದ ಫೋಟೋ ಬೇಡ, ಸ್ಕ್ಯಾನ್ ಮಾಡಿಸಿ ಪಿ.ಡಿ.ಎಫ್. ಕಳಿಸಿ. ಭಟ್ಕಳಕ್ಕೆ ಮಂಗಳೂರಿನ ವಿಮಾನ ಹತ್ತಿರ, ಅದು ಭರ್ತಿಯಾಗಿದ್ದರೆ ಗೋವೆ ನೋಡಲು ಹೇಳಿ.